ಓದುಗರ ಪ್ರಶ್ನೆ: ಆರು ಹುಟ್ಟು, ಒಂದೇ ಎಳೆತ

ಹವಾಯಿ, ತಾಹಿತಿ ಕಡೆಯ ಔಟ್‌ರಿಗರ್ ದೋಣಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಸಣ್ಣ ಟಿಪ್ಪಣಿ ಬಂದಿತ್ತು. ಕಿರಿದಾದ ಉದ್ದನೆಯ ದೋಣಿ, ಅದರ ಎಡಬದಿಗೆ ಎರಡು ಅಡ್ಡತೋಳುಗಳಿಂದ ಬಿಗಿದ ತೇಲುದಿಮ್ಮಿ, ಸಾಲಾಗಿ ಕೂತು ಹುಟ್ಟು ಹಾಕುವ ಆರು ಜನ ಎಂದಷ್ಟೇ ಅದರಲ್ಲಿತ್ತು. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊರದೇಶಗಳಲ್ಲಿ ನೆಲೆಸಿ, ಅಲ್ಲಿನ ಕ್ಲಬ್ಬುಗಳಲ್ಲಿ ಹೊಸದಾಗಿ ಹುಟ್ಟು ಹಿಡಿದ ಕನ್ನಡಿಗರವು. ಉತ್ತರಗಳಲ್ಲಿ ಮತ್ತೆ ಮತ್ತೆ ಬರುವ ನಾಲ್ಕು ಹೆಸರುಗಳನ್ನು ಮೊದಲೇ ಹೇಳಿಬಿಡುತ್ತೇವೆ. ದೋಣಿಗೆ ‘ವಅ’, ತೇಲುದಿಮ್ಮಿಗೆ ‘ಅಮಾ’, ಅಡ್ಡತೋಳಿಗೆ ‘ಇಯಾಕೊ’, ದೋಣಿ ಮಗುಚುವುದಕ್ಕೆ ‘ಹುಲಿ’. ಕೊನೆಯದು ಹವಾಯಿ ಭಾಷೆಯ ಮಾತು, ನಮ್ಮ ಕಾಡಿನ ಹುಲಿಗೂ ಅದಕ್ಕೂ ನಂಟಿಲ್ಲ.

ಪ್ರಶ್ನೆ: ನಮ್ಮ ಕಡೆ ಮೀನು ಹಿಡಿಯುವ ಸಣ್ಣ ದೋಣಿಗಳಿಗೂ ಒಂದು ಬದಿಗೆ ಮರದ ದಿಮ್ಮಿ ಕಟ್ಟುವುದನ್ನು ನೋಡಿದ್ದೇನೆ. ಅದೂ ಇದೂ ಒಂದೇ ಜಾತಿಯೇ? ಕಟಮರಾನ್ ಅನ್ನುವುದೂ ಇದನ್ನೇ ಏನು? (ಕಾರವಾರದ ಓದುಗರು)

ತತ್ವ ಒಂದೇ. ಕಾರವಾರದಿಂದ ಗೋವಾದವರೆಗಿನ ಕರಾವಳಿಯಲ್ಲಿ ‘ಉಲಾಂಡಿ’ ಎಂದು ಕರೆಯುವ ಆ ದಿಮ್ಮಿ ಮಾಡುವ ಕೆಲಸವನ್ನೇ ಅಲ್ಲಿ ಅಮಾ ಮಾಡುತ್ತದೆ. ದೋಣಿ ಕಿರಿದಾದಷ್ಟೂ ನೀರನ್ನು ಸಲೀಸಾಗಿ ಸೀಳುತ್ತದೆ, ಆದರೆ ಕಿರಿದಾದಷ್ಟೂ ಬೇಗ ಉರುಳುತ್ತದೆ. ಪಕ್ಕಕ್ಕೆ ದಿಮ್ಮಿ ಚಾಚಿದರೆ ಒಂದು ಬದಿಗೆ ಅದರ ತೇಲುವ ಶಕ್ತಿ ತಡೆ, ಇನ್ನೊಂದು ಬದಿಗೆ ಅದರ ಭಾರವೇ ತಡೆ. ಈ ಉಪಾಯವನ್ನು ಮಡಗಾಸ್ಕರಿನಿಂದ ಹವಾಯಿಯವರೆಗೆ ಹರಡಿದವರು ಆಸ್ಟ್ರೋನೇಷಿಯನ್ ಭಾಷೆಗಳನ್ನಾಡುವ ಕಡಲಿಗರು. ಶ್ರೀಲಂಕಾದ ‘ಒರುವ’ ದೋಣಿಯೂ ಇದೇ ಬಗೆಯದು.

ಕಟಮರಾನ್ ಬೇರೆ. ಅದು ತಮಿಳಿನ ‘ಕಟ್ಟುಮರಂ’, ದಿಮ್ಮಿಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಕಟ್ಟಿದ ತೆಪ್ಪ. ಇಂಗ್ಲಿಷಿಗೆ ಹೋದ ಮೇಲೆ ಆ ಹೆಸರು ಎರಡು ಒಡಲಿನ ದೋಣಿಗೆ ಅಂಟಿಕೊಂಡಿತು. ಔಟ್‌ರಿಗರಿಗೆ ಒಡಲು ಒಂದೇ.

ಪ್ರಶ್ನೆ: ಕ್ಲಬ್ ಸೇರಿ ಎರಡು ತಿಂಗಳಾಯಿತು. ಸ್ವಂತ ಹುಟ್ಟು ಕೊಳ್ಳಬೇಕೆಂದಿದ್ದೇನೆ. ನನ್ನ ಎತ್ತರ 5 ಅಡಿ 6 ಇಂಚು. ಅಳತೆ ಹೇಗೆ? ಕಾರ್ಬನ್ನೋ ಮರವೋ? (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಮೆತ್ತೆಯಿಲ್ಲದ ಗಟ್ಟಿ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರಿ. ಕೂತ ಹಲಗೆಯಿಂದ ಮೂಗಿನವರೆಗೆ ಟೇಪು ಹಿಡಿಸಿ. ಆ ಅಳತೆಗೆ ಅಲಗಿನ ಉದ್ದ ಸೇರಿಸಿ. ನಿಮ್ಮ ಎತ್ತರದವರಿಗೆ ಮೂಗಿನವರೆಗೆ ಸುಮಾರು 30 ಇಂಚು, ಅಲಗು 19ರಿಂದ 20 ಇಂಚು, ಅಂದರೆ 50 ಇಂಚಿನ ಆಸುಪಾಸು. ಎರಡು ಅಳತೆಗಳ ನಡುವೆ ಅನುಮಾನ ಬಂದರೆ ಚಿಕ್ಕದನ್ನೇ ಆರಿಸಿ. ಹುಟ್ಟು ಉದ್ದವಾದರೆ ಮೇಲಿನ ಕೈ ಪ್ರತಿ ಎಳೆತಕ್ಕೂ ಕಣ್ಣಿನ ಮಟ್ಟ ದಾಟಿ ಏರುತ್ತದೆ. ಗಂಟೆಗೆ ಮೂರು ಸಾವಿರ ಎಳೆತ ಅಂದುಕೊಂಡರೂ ಅಷ್ಟೂ ಸಲ ಭುಜದ ಕೀಲು ಆ ಬೆಲೆ ತೆರಬೇಕು. ತೀರಾ ಚಿಕ್ಕದಾದರೆ ಸೊಂಟ ಬಗ್ಗಿ ಬೆನ್ನು ಗೂನಾಗುತ್ತದೆ.

ಈಗಿನ ಹುಟ್ಟುಗಳಲ್ಲಿ ಅಲಗು ಕೋಲಿಗೆ ನೇರವಾಗಿರುವುದಿಲ್ಲ, ಸುಮಾರು 10–12 ಡಿಗ್ರಿ ಓರೆ ಇರುತ್ತದೆ. ಆ ಓರೆ ದೋಣಿಯ ಮೂತಿಯ ಕಡೆಗೆ, ಅಂದರೆ ನಿಮ್ಮಿಂದ ಆಚೆಗೆ ಇರಬೇಕು. ಸೌಟನ್ನು ಹಿಡಿದು ಬಡಿಸುವ ಅಭ್ಯಾಸ ಇರುವ ಕೈ ಅದನ್ನು ತಿರುವಿಹಾಕಿ, ಗುಳಿ ತನ್ನ ಕಡೆಗೆ ಬರುವಂತೆ ಹಿಡಿಯುತ್ತದೆ. ಹೊಸಬರಲ್ಲಿ ಅರ್ಧಕ್ಕರ್ಧ ಜನ ಮೊದಲ ದಿನ ಮಾಡುವ ತಪ್ಪಿದು. ಮುಂದಕ್ಕೆ ಓರೆಯಿದ್ದರೆ ಎಳೆತದ ಕೊನೆಯಲ್ಲೂ ಅಲಗು ನೀರಿಗೆ ಲಂಬವಾಗಿ ನಿಲ್ಲುತ್ತದೆ. ಹಿಂದಕ್ಕಿದ್ದರೆ ನೀರನ್ನು ಮೊಗೆದು ಮೇಲೆತ್ತುತ್ತೀರಿ, ದೋಣಿ ಕೆಳಗೆ ಕೂರುತ್ತದೆ.

ಇನ್ನು ಮರ, ಕಾರ್ಬನ್ ವಿಚಾರ. ಪೂರ್ತಿ ಮರದ ಹುಟ್ಟು ಅರ್ಧ ಕಿಲೋ ದಾಟುತ್ತದೆ, ಪೂರ್ತಿ ಕಾರ್ಬನ್ನಿನದು 300–400 ಗ್ರಾಂ. ನಮ್ಮ ಸಲಹೆ ಮರದ ಕೋಲು, ಕಾರ್ಬನ್ ಹೊದಿಸಿದ ಅಲಗು ಇರುವ ಹೈಬ್ರಿಡ್. ಮರದ ಕೋಲು ಸ್ವಲ್ಪ ಬಾಗುತ್ತದೆ, ಕೀಲುಗಳಿಗೆ ಬೀಳುವ ಹೊಡೆತ ಅಷ್ಟು ಕಡಿಮೆ. ಪೂರ್ತಿ ಕಾರ್ಬನ್ ತಪ್ಪನ್ನು ಮನ್ನಿಸುವುದಿಲ್ಲ, ಎಳೆತ ಕಲಿಯುವ ಮೊದಲೇ ಕೊಂಡರೆ ಮೊಣಕೈ ನೋವು ಅದರ ಜೊತೆಗೇ ಬರುತ್ತದೆ. ಆತುರ ಬೇಡ. ಇನ್ನೂ ನಾಲ್ಕು ತಿಂಗಳು ಕ್ಲಬ್ಬಿನ ಹುಟ್ಟುಗಳಲ್ಲಿ 49, 50, 51 ಮೂರನ್ನೂ ಒಂದೊಂದು ವಾರ ಹಿಡಿದು ನೋಡಿ.

ಹುಟ್ಟಿಗಿಂತ ಮೊದಲು ಬೇಕಾದ್ದು ಬೇರೆ ಇದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ನೀರು ಬಿಸಿಲಿನ ದಿನವೂ ತಣ್ಣಗೇ ಇರುತ್ತದೆ. ಗಾಳಿಯ ಬಿಸಿ ನೋಡಿ ಬಟ್ಟೆ ಹಾಕಬೇಡಿ, ನೀರಿನ ತಂಪು ನೋಡಿ ಹಾಕಿ. ಹತ್ತಿ ಬಟ್ಟೆ ಬೇಡವೇ ಬೇಡ, ಒದ್ದೆಯಾದರೆ ಮೈಯ ಕಾವನ್ನೆಲ್ಲ ಹೀರುತ್ತದೆ. ಬೇಗ ಒಣಗುವ ಉದ್ದತೋಳಿನ ಅಂಗಿ, ಹಿಂದೆ ಜೇಬಾಗಲಿ ದಪ್ಪ ಹೊಲಿಗೆಯಾಗಲಿ ಇಲ್ಲದ ಚಡ್ಡಿ, ದಾರ ಕಟ್ಟಿದ ಕನ್ನಡಕ, ತೋಳು ತಿರುಗಲು ಅಡ್ಡಬರದ ಲೈಫ್ ಜಾಕೆಟ್. ಕಂಕುಳು, ತೊಡೆಸಂದಿಗೆ ತೆಳ್ಳಗೆ ವ್ಯಾಸಲೀನ್ ಹಚ್ಚಿ. ಉಪ್ಪುನೀರಿನಲ್ಲಿ ಒಂದು ಗಂಟೆ ಉಜ್ಜಿದರೆ ಚರ್ಮ ಸುಲಿಯುತ್ತದೆ.

ಪ್ರಶ್ನೆ: ನನ್ನನ್ನು ಯಾವಾಗಲೂ ನಾಲ್ಕನೇ ಸೀಟಿಗೆ ಹಾಕುತ್ತಾರೆ. ಮುಂದೆ ಕೂರಿಸುವುದೇ ಇಲ್ಲ. ಇದು ದಡ್ಡರ ಸೀಟೇ? (ಸ್ಯಾನ್ ಹೋಸೆ)

ಖಂಡಿತ ಅಲ್ಲ. ಆರು ಜನರ ದೋಣಿ ಸುಮಾರು 13.7 ಮೀಟರ್ ಉದ್ದ. ಹವಾಯಿಯ ರೇಸುಗಳಲ್ಲಿ ಅದರ ತೂಕ 400 ಪೌಂಡಿಗಿಂತ, ಅಂದರೆ ಸುಮಾರು 181 ಕಿಲೋಗಿಂತ ಕಡಿಮೆ ಇರುವಂತಿಲ್ಲ. ಇಷ್ಟು ಭಾರದ ದೋಣಿಗೆ ನಡುವಿನ ಸೀಟುಗಳೇ ಇಂಜಿನ್ನು. ಒಂದನೇ ಸೀಟಿನವರು ವೇಗ ಹಿಡಿಯುತ್ತಾರೆ, ಎರಡನೆಯವರು ಅದೇ ತಾಳವನ್ನು ಇನ್ನೊಂದು ಬದಿಗೆ ದಾಟಿಸುತ್ತಾರೆ. ಬದಿ ಬದಲಿಸುವ ಕೂಗು ಸಾಮಾನ್ಯವಾಗಿ ಮೂರನೆಯವರದು ಅಥವಾ ಎರಡನೆಯವರದು. ನಾಲ್ಕು, ಐದನೆಯವರು ಬಲದ ಜೊತೆಗೆ ಅಮಾದ ಮೇಲೆ ಕಣ್ಣಿಟ್ಟಿರಬೇಕು, ನೀರು ತುಂಬಿದರೆ ಮೊಗೆಯಬೇಕು. ಆರನೆಯವರು ಚುಕ್ಕಾಣಿ.

1, 3, 5 ಒಂದು ಬದಿ. 2, 4 ಇನ್ನೊಂದು ಬದಿ. 12ರಿಂದ 16 ಎಳೆತಕ್ಕೊಮ್ಮೆ ‘ಹಟ್’ ಎಂಬ ಕೂಗು ಬೀಳುತ್ತದೆ, ಎಲ್ಲರೂ ‘ಹೋ’ ಎಂದು ಬದಿ ಬದಲಿಸುತ್ತಾರೆ. ಕೂಗಿದ ಮೇಲೆ ಇನ್ನೂ ಎಷ್ಟು ಎಳೆತ ಹಾಕಬೇಕು ಎಂಬುದು ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆ. ಊಹಿಸಬೇಡಿ, ಕೇಳಿ ತಿಳಿದುಕೊಳ್ಳಿ. ನಾಲ್ಕನೇ ಸೀಟಿನವರು ಅರ್ಧ ಎಳೆತ ತಡವಾಗಿ ಬದಲಿಸಿದರೂ ದೋಣಿ ಅಷ್ಟು ಹೊತ್ತು ಒಂದೇ ಬದಿಗೆ ವಾಲುತ್ತದೆ.

ಪ್ರಶ್ನೆ: ಜಿಮ್ಮಿನಲ್ಲಿ 80 ಕಿಲೋ ಎತ್ತುವವನು ನಾನು. ದೋಣಿಯಲ್ಲಿ 20 ನಿಮಿಷಕ್ಕೇ ತೋಳು ಸೋತು, ಮಾರನೆಯ ದಿನ ಸೊಂಟ ಹಿಡಿಯುತ್ತದೆ. ನನ್ನ ಮುಂದೆ ಕೂರುವ ಅರುವತ್ತು ದಾಟಿದ ಅಮ್ಮನವರು ಎರಡು ಗಂಟೆ ಆರಾಮಾಗಿ ಎಳೆಯುತ್ತಾರೆ. ಎಲ್ಲಿ ತಪ್ಪುತ್ತಿದ್ದೇನೆ? (ಸಿಡ್ನಿ)

ನೀವು ತೋಳಿನಿಂದ ಎಳೆಯುತ್ತಿದ್ದೀರಿ, ಅವರು ಬೆನ್ನಿನಿಂದ ಎಳೆಯುತ್ತಾರೆ. ಒಂದು ಎಳೆತವನ್ನು ಬಿಡಿಸಿ ನೋಡೋಣ. ಬಲಬದಿ ಎಂದಿಟ್ಟುಕೊಳ್ಳಿ.

ಮೊದಲು ಚಾಚುವುದು. ಬಲಭುಜ ಮುಂದಕ್ಕೆ, ಎಡಭುಜ ಹಿಂದಕ್ಕೆ ಬರುವಂತೆ ಎದೆಯನ್ನು ಎಡಕ್ಕೆ ತಿರುಗಿಸಿ. ಬಲಬದಿಯಿಂದ ನೋಡುವವರಿಗೆ ನಿಮ್ಮ ಬೆನ್ನು ಕಾಣಬೇಕು. ಸೊಂಟದ ಕೀಲಿನಿಂದ ಮುಂದಕ್ಕೆ ವಾಲಿ, ಬೆನ್ನನ್ನು ಬಿಲ್ಲು ಮಾಡಬೇಡಿ. ಎರಡೂ ತೋಳು ಬಹುತೇಕ ನೇರ, ಮೇಲಿನ ಕೈ ದೋಣಿಯ ಅಂಚು ದಾಟಿ ನೀರಿನ ಮೇಲೆ. ಮೇಲಿನ ಕೈ ದೋಣಿಯೊಳಗೇ ಉಳಿದರೆ ಕೋಲು ಅಡ್ಡವಾಗುತ್ತದೆ, ಎಳೆತ ದೋಣಿಯನ್ನು ಮುಂದಕ್ಕೆ ತಳ್ಳುವ ಬದಲು ಪಕ್ಕಕ್ಕೆ ತಿರುಗಿಸುತ್ತದೆ.

ಆಮೇಲೆ ಅದ್ದುವುದು. ಇಲ್ಲೇ ಹೆಚ್ಚಿನವರು ಸೋಲುವುದು. ಅಲಗು ಪೂರ್ತಿ, ಅದರ ಕುತ್ತಿಗೆಯವರೆಗೆ ಮುಳುಗಿದ ಮೇಲೆಯೇ ಎಳೆಯಲು ಶುರುಮಾಡಬೇಕು. ಅರ್ಧ ಮುಳುಗಿದಾಗಲೇ ಎಳೆದರೆ ಅಲಗಿನ ಹಿಂದೆ ಗಾಳಿ ಸೇರಿಕೊಳ್ಳುತ್ತದೆ. ‘ಛಪ್’ ಎಂಬ ಸದ್ದು, ಬಿಳಿನೊರೆ, ಹಿಂದಿನವರ ಮುಖಕ್ಕೆ ನೀರು ಬಂದರೆ ಗಾಳಿ ಎಳೆದಿರಿ ಎಂದರ್ಥ. ಸರಿಯಾಗಿ ಅದ್ದಿದ ಅಲಗು ಹೆಚ್ಚು ಸದ್ದೇ ಮಾಡುವುದಿಲ್ಲ.

ಎಳೆಯುವಾಗ ಬಲಗಾಲಿನಿಂದ ಮುಂದಿನ ಒತ್ತುಹಲಗೆಯನ್ನು ಒದೆಯಿರಿ, ತಿರುಚಿದ ಎದೆಯನ್ನು ಬಿಚ್ಚಿ. ತೋಳು ಬರೀ ಹಗ್ಗದ ಕೆಲಸ ಮಾಡಲಿ. ಅಲಗು ಒಂದೆಡೆ ನಾಟಿಕೊಂಡಿದೆ, ಅದನ್ನು ಹಿಡಿದು ದೋಣಿಯನ್ನು ಅದರ ಕಡೆಗೆ ಎಳೆದುಕೊಳ್ಳುತ್ತಿದ್ದೇನೆ ಎಂಬ ಲೆಕ್ಕದಲ್ಲಿ ಎಳೆಯಿರಿ. ಕೆಳಗಿನ ಕೈ ಸೊಂಟದ ಹತ್ತಿರ ಬಂದಾಗ ಅಲಗನ್ನು ಪಕ್ಕಕ್ಕೆ ಜಾರಿಸಿ ತೆಗೆಯಿರಿ. ಸೊಂಟ ದಾಟಿ ಎಳೆದದ್ದೆಲ್ಲ ನೀರನ್ನು ಮೇಲೆತ್ತಿದ್ದೇ ಹೊರತು ದೋಣಿ ಓಡಿಸಿದ್ದಲ್ಲ. ನಿಮ್ಮ ಸೊಂಟ ಹಿಡಿಯಲು ನಮಗೆ ತೋರುವ ಮುಖ್ಯ ಕಾರಣ ಇದೇ. ಬಗ್ಗಿದ ಬೆನ್ನಿನ ಮೇಲೆ ಅಷ್ಟು ಭಾರ ಎತ್ತುತ್ತಿದ್ದೀರಿ. ತೊಡೆಯ ಹಿಂಭಾಗದ ಸ್ನಾಯು ಬಿಗಿಯಾಗಿದ್ದರೂ ಹೀಗಾಗುತ್ತದೆ. ಕಾಲು ಚಾಚಿ ನೆಲದಲ್ಲಿ ಕೂತು ಬೆನ್ನು ನೆಟ್ಟಗೆ ಇಡಲು ಆಗದಿದ್ದರೆ ಪಶ್ಚಿಮೋತ್ತಾನಾಸನವನ್ನು ದಿನಕ್ಕೆ ಐದು ನಿಮಿಷ ಮಾಡಿ, ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಇಷ್ಟೆಲ್ಲ ಸರಿಯಾದ ಮೇಲೂ ಒಂದು ಉಳಿಯುತ್ತದೆ, ನಮ್ಮ ಪ್ರಕಾರ ಅದೇ ದೊಡ್ಡದು. ಆರು ಅಲಗೂ ಒಂದೇ ಗಳಿಗೆಯಲ್ಲಿ ನೀರಿಗಿಳಿಯಬೇಕು. ನಿಮ್ಮದು ಕಾಲು ಸೆಕೆಂಡು ಮೊದಲು ಇಳಿದರೆ ಇಡೀ ದೋಣಿಯ ಭಾರ ನಿಮ್ಮೊಬ್ಬರ ತೋಳಿಗೆ. ತಡವಾಗಿ ಇಳಿದರೆ ಓಡುತ್ತಿರುವ ದೋಣಿಗೆ ನಿಮ್ಮ ಅಲಗೇ ಬ್ರೇಕು. ಬಲವಂತರು 20 ನಿಮಿಷಕ್ಕೆ ಸೋಲುವುದು ಮೊದಲನೆಯದರಿಂದ. ಕಣ್ಣನ್ನು ನಿಮ್ಮ ಅಲಗಿನ ಮೇಲಿಡಬೇಡಿ, ಅಮ್ಮನವರ ಮೇಲಿನ ಭುಜದ ಮೇಲಿಡಿ. ಅವರು ಮುಂದಕ್ಕೆ ಬಿದ್ದ ಗಳಿಗೆಗೇ ನೀವೂ ಬೀಳಿ. ಒಂದು ವಾರ ಅರ್ಧ ಬಲ ಹಾಕಿ, ಬರೀ ಇದನ್ನೇ ಮಾಡಿ.

ಪ್ರಶ್ನೆ: ದೋಣಿ ಮಗುಚಿದರೆ ಏನು ಮಾಡಬೇಕು? ನನಗೆ ಈಜು ಅಷ್ಟಕ್ಕಷ್ಟೆ. (ಆಕ್ಲೆಂಡ್)

ಈಜು ಅಷ್ಟಕ್ಕಷ್ಟೆ ಎನ್ನುವವರು ಮೊದಲ ದಿನದಿಂದಲೇ ಲೈಫ್ ಜಾಕೆಟ್ ಹಾಕಿ, ತರಬೇತುದಾರರಿಗೆ ಹೇಳಿಬಿಡಿ. ಮುಚ್ಚಿಡುವ ವಿಷಯವಲ್ಲ ಇದು. ಜೊತೆಜೊತೆಗೇ ಈಜುಕೊಳದಲ್ಲಿ, ನೆಲ ಮುಟ್ಟದೆ ಹತ್ತು ನಿಮಿಷ ತೇಲುವುದನ್ನು ಕಲಿಯಿರಿ.

ಮಗುಚದಂತೆ ನೋಡಿಕೊಳ್ಳುವುದು ಸುಲಭ. ಅಮಾ ಎಡಕ್ಕಿದೆ, ಹಾಗಾಗಿ ಎಡಕ್ಕೆ ಎಷ್ಟು ವಾಲಿದರೂ ಭಯ ಕಡಿಮೆ. ಅಪಾಯ ಬಲಕ್ಕೆ. ಎಲ್ಲರೂ ಒಮ್ಮೆಗೇ ಬಲಕ್ಕೆ ತಿರುಗಿ ಏನನ್ನೋ ನೋಡಿದರೆ, ಅಡ್ಡ ಅಲೆಯೊಂದು ಅಮಾದ ಕೆಳಗೆ ಹೊಕ್ಕರೆ, ಅದು ಮೇಲೆದ್ದು ದೋಣಿಯ ಮೇಲಿಂದ ಹಾದು ಬರುತ್ತದೆ. ಅಮಾ ಹಗುರಾಗುತ್ತಿದೆ ಎನ್ನಿಸಿದ ಕೂಡಲೇ ಇಯಾಕೊ ಪಕ್ಕದಲ್ಲಿ ಕೂತವರು ಎಡಗೈಯನ್ನು ಅದರ ಮೇಲೆ ಊರಿ ಮೈಭಾರ ಹಾಕಬೇಕು, ಉಳಿದವರು ಎಡಕ್ಕೆ ಒರಗಿ ಅಲಗನ್ನು ನೀರಿನ ಮೇಲೆ ಚಪ್ಪಟೆಯಾಗಿ ಒತ್ತಬೇಕು. ನಿಂತ ದೋಣಿಯಲ್ಲಿ ಮಾತಾಡುತ್ತಾ ಕೂತಾಗಲೂ ಎಡಕ್ಕೇ ಒರಗಿರಿ.

ಮಗುಚಿಯೇಬಿಟ್ಟರೆ: ಒಂದು ಕೈಯಲ್ಲಿ ಹುಟ್ಟು, ಇನ್ನೊಂದು ಕೈ ದೋಣಿಯ ಮೇಲೆ. ದೋಣಿ ಬಿಟ್ಟು ಈಜಬೇಡಿ. ಈಗಿನ ಫೈಬರ್ ದೋಣಿಗಳ ಎರಡೂ ತುದಿಯಲ್ಲಿ ಗಾಳಿ ತುಂಬಿದ ಕೋಣೆಗಳಿರುವುದರಿಂದ ಅದು ಮುಳುಗುವುದಿಲ್ಲ. ತಲೆ ಮೇಲೆ ಬಂದ ಕೂಡಲೇ ಒಂದರಿಂದ ಆರರವರೆಗೆ ಪ್ರತಿಯೊಬ್ಬರೂ ತಮ್ಮ ಸೀಟಿನ ಸಂಖ್ಯೆ ಕೂಗಬೇಕು. ಒಂದು ಸಂಖ್ಯೆ ಕೇಳದಿದ್ದರೆ ಮೊದಲು ದೋಣಿಯ ಕೆಳಗೆ ಹುಡುಕಿ, ಉಳಿದದ್ದೆಲ್ಲ ಆಮೇಲೆ. ಹುಟ್ಟುಗಳನ್ನೆಲ್ಲ ಒಬ್ಬರು ಹಿಡಿದುಕೊಳ್ಳಲಿ. ಇಬ್ಬರು ಅಮಾದ ಹತ್ತಿರ ಹೋಗಲಿ. ತೂಕದ ಇಬ್ಬರು ಅಮಾ ಇಲ್ಲದ ಬದಿಯಿಂದ ಒಡಲನ್ನು ಹತ್ತಿ, ಮೇಲಾದ ಬುಡದ ಆಚೆ ಕೈಚಾಚಿ ಇಯಾಕೊ ಹಿಡಿದು, ಅಂಚಿನ ಮೇಲೆ ಪಾದ ಊರಿ ಹಿಂದಕ್ಕೆ ಜೋಲಲಿ. ಅದೇ ಹೊತ್ತಿಗೆ ಆ ಬದಿಯವರು ಅಮಾವನ್ನು ಕೆಳಗಿನಿಂದ ತಳ್ಳಬೇಕು. ಅಮಾ ಆಕಾಶಕ್ಕೆ ಎದ್ದು, ಜೋಲುತ್ತಿರುವವರ ಕಡೆಗೇ ಬಂದು ಬೀಳುತ್ತದೆ. ಅದಕ್ಕೇ ಜೋಲುವವರು ಎರಡು ಇಯಾಕೊಗಳ ನಡುವಿನ ಜಾಗದಲ್ಲೇ ಬೀಳಬೇಕು, ತಲೆಗೆ ತೋಳು ಅಡ್ಡ ಇಟ್ಟುಕೊಳ್ಳಬೇಕು. ಈ ಕವಾಯತಿನಲ್ಲಿ ಪೆಟ್ಟಾಗುವುದು ಹೆಚ್ಚಾಗಿ ಇಲ್ಲೇ.

ಬಿದ್ದ ಅಮಾದ ಮೇಲೆ ಒಬ್ಬರು ಭಾರ ಹಾಕಿ ನಿಲ್ಲಲಿ, ಇಲ್ಲದಿದ್ದರೆ ಅದು ಮತ್ತೆ ಉರುಳುತ್ತದೆ. ಆಮೇಲೆ ಇಬ್ಬರು ಮಾತ್ರ ಹತ್ತಿ ನೀರು ಮೊಗೆಯಿರಿ, ಉಳಿದವರು ಅಂಚು ಹಿಡಿದು ನೀರಿನಲ್ಲೇ ಇರಿ. ಮೊಗೆಯಲು ಹಿಡಿಯಿರುವ ಪ್ಲಾಸ್ಟಿಕ್ ಕ್ಯಾನಿನ ಬುಡ ಓರೆಯಾಗಿ ಕತ್ತರಿಸಿದ್ದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಅಂಗಡಿಯ ಪಂಪು ಕಸ ಸಿಕ್ಕಿ ಕೈಕೊಡುತ್ತದೆ. ಕ್ಯಾನು ಎರಡಿರಲಿ, ಹಗ್ಗದಿಂದ ಸೀಟಿಗೆ ಕಟ್ಟಿರಲಿ. ಈ ಕವಾಯತನ್ನು ದಡದ ಹತ್ತಿರ, ಶಾಂತ ನೀರಿನಲ್ಲಿ ಬೇಕೆಂದೇ ಮಗುಚಿ ವರ್ಷಕ್ಕೆ ಎರಡು ಸಲವಾದರೂ ಮಾಡದ ಕ್ಲಬ್ಬಿನೊಂದಿಗೆ ಕಡಲಿಗಿಳಿಯಬೇಡಿ.

ಪ್ರಶ್ನೆ: ಇಯಾಕೊ ಕಟ್ಟುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂದಿದೆ. ಎಷ್ಟು ಬಿಗಿದರೂ ಅರ್ಧ ಗಂಟೆಯಲ್ಲಿ ಸಡಿಲವಾಗುತ್ತದೆ. ದೋಣಿ ಬೇರೆ ಎಡಕ್ಕೇ ಎಳೆಯುತ್ತದೆ. (ಬ್ರಿಸ್ಬೇನ್)

ಎರಡೂ ಬೇರೆ ಬೇರೆ ತಪ್ಪು. ಸಡಿಲವಾಗುವುದಕ್ಕೆ ಮೊದಲ ಕಾರಣ, ಸುತ್ತುಗಳು ಒಂದರ ಮೇಲೊಂದು ಹತ್ತಿರುತ್ತವೆ. ಹಗ್ಗವಾದರೂ ರಬ್ಬರ್ ಪಟ್ಟಿಯಾದರೂ ಪ್ರತಿ ಸುತ್ತು ಹಿಂದಿನದರ ಪಕ್ಕಕ್ಕೆ ಒತ್ತಿ ಕೂರಬೇಕು. ಮೇಲೆ ಹತ್ತಿದ ಸುತ್ತು ಅಲೆಯ ಅಲುಗಾಟಕ್ಕೆ ಜಾರಿ ಕೆಳಗೆ ಇಳಿಯುತ್ತದೆ, ಅಷ್ಟೂ ಸಡಿಲ. ರಬ್ಬರ್ ಪಟ್ಟಿಯನ್ನು ಸುತ್ತಿ ಆಮೇಲೆ ಎಳೆಯುವುದಲ್ಲ, ಮೈಭಾರ ಹಾಕಿ ಎಳೆದುಕೊಂಡೇ ಸುತ್ತಬೇಕು. ಕೊನೆಯಲ್ಲಿ ಇಯಾಕೊಗೂ ದೋಣಿಗೂ ನಡುವಿನ ಸುತ್ತುಗಳ ಸೊಂಟಕ್ಕೆ ಅಡ್ಡಸುತ್ತು ಹಾಕಿ ಹಿಂಡುವುದನ್ನು ಬಿಟ್ಟರೆ ಮಾಡಿದ ಕೆಲಸವೆಲ್ಲ ನೀರುಪಾಲು. ಹತ್ತಿಯ ಹಗ್ಗವಾದರೆ ಕಟ್ಟಿದ ಮೇಲೆ ನೀರು ಹೊಯ್ಯಿರಿ, ನೆನೆದು ಬಿಗಿಯುತ್ತದೆ. ಇಯಾಕೊ ತುದಿ ಹಿಡಿದು ಜೋರಾಗಿ ಅಲ್ಲಾಡಿಸಿ. ‘ಕಿರ್’ ಎಂದರೂ ಬಿಚ್ಚಿ ಮತ್ತೆ ಕಟ್ಟಿ. ಬಿಸಿಲಿನಲ್ಲಿ ಬಿಟ್ಟ ರಬ್ಬರ್ ಸಣ್ಣಗೆ ಬಿರುಕು ಬಿಡುತ್ತದೆ. ಬೆರಳಿಂದ ಹಿಗ್ಗಿಸಿ ನೋಡಿದಾಗ ಬಿರುಕು ಬಾಯ್ತೆರೆದರೆ ಎಸೆಯಿರಿ.

ಎಡಕ್ಕೆ ಎಳೆಯುವುದು ಅಮಾ ಓರೆಯಾಗಿರುವುದರಿಂದ. ಕಟ್ಟನ್ನು ಪೂರ್ತಿ ಬಿಗಿಯುವ ಮೊದಲು ಅಮಾದ ಮುಂದಿನ ತುದಿಯಿಂದಲೂ ಹಿಂದಿನ ತುದಿಯಿಂದಲೂ ದೋಣಿಯ ನಡುಗೆರೆಗೆ ಟೇಪು ಹಿಡಿಯಿರಿ. ಎರಡೂ ಒಂದೇ ಇರಲಿ. ಅಮಾದ ಮೂತಿ ನೀರಿಗೆ ಚುಚ್ಚುವಂತೆ ತಗ್ಗಿದ್ದರೂ ಅದು ನೇಗಿಲಿನಂತೆ ನೀರನ್ನು ಉಳುತ್ತದೆ, ಚುಕ್ಕಾಣಿಯವರು ದಾರಿಯುದ್ದಕ್ಕೂ ಅಲಗು ಒತ್ತಿ ದೋಣಿಯನ್ನು ನೇರ ಮಾಡುತ್ತಲೇ ಇರಬೇಕಾಗುತ್ತದೆ. ಮುಂದಿನ ಕಟ್ಟಿನ ಕೆಳಗೆ ತೆಳ್ಳನೆಯ ಮರದ ಚಕ್ಕೆ ಇಟ್ಟು ಮೂತಿಯನ್ನು ಎತ್ತಿ. ಸರಿಯಾದ ಜಾಗ ಸಿಕ್ಕಿದ ದಿನ ಇಯಾಕೊ ಮೇಲೆ ಬಣ್ಣದ ಗೆರೆ ಎಳೆದಿಟ್ಟುಕೊಳ್ಳಿ.

ಪ್ರಶ್ನೆ: ಒಬ್ಬರೇ ಹೋಗುವ ದೋಣಿ ಕೊಳ್ಳಬಹುದೇ? (ಸ್ಯಾನ್ ಡಿಯಾಗೊ)

ಒಂದು ಸೀಸನ್ ಆರು ಜನರ ದೋಣಿಯಲ್ಲಿ ಕಳೆದ ಮೇಲೆ ಕೊಳ್ಳಿ. ಓಸಿ-1 ಎನ್ನುವ ದೋಣಿ ಸುಮಾರು 6 ಮೀಟರ್ ಉದ್ದ, ತೂಕ ಹತ್ತು ಕಿಲೋ ಆಸುಪಾಸು, ಕಾಲಿನ ಪೆಡಲಿಗೆ ಜೋಡಿಸಿದ ಚುಕ್ಕಾಣಿ ಇರುತ್ತದೆ. ತಾಹಿತಿಯವರ ವಿ-1ಕ್ಕೆ ಚುಕ್ಕಾಣಿಯೇ ಇಲ್ಲ, ಹುಟ್ಟಿನಲ್ಲೇ ತಿರುಗಿಸಬೇಕು. ಕಲಿಯಲು ಕಷ್ಟ, ಕಲಿತರೆ ಎಳೆತ ಅಪ್ಪಟವಾಗುತ್ತದೆ. ಎರಡಕ್ಕೂ ಕಾಲಿಗೆ ಕಟ್ಟುವ ಲೀಶ್ ಹಗ್ಗ ಬೇಕೇ ಬೇಕು. ಇಷ್ಟು ಹಗುರ ದೋಣಿಯಿಂದ ಬಿದ್ದರೆ ನೀವು ಈಜುವುದಕ್ಕಿಂತ ಬೇಗ ಗಾಳಿ ಅದನ್ನು ಒಯ್ಯುತ್ತದೆ. ಹತ್ತುವುದು ಯಾವಾಗಲೂ ಎಡದಿಂದ, ಒಡಲಿಗೂ ಅಮಾಗೂ ನಡುವಿನಿಂದ.

ಪ್ರಶ್ನೆ: ಕಾಲಿಗೆ ಬಲವಿಲ್ಲದವರಿಗೆ ಈ ಆಟ ಸಾಧ್ಯವೇ? (ದಾವಣಗೆರೆ)

ಸಾಧ್ಯ. ಟೋಕಿಯೊ 2020ರ ಪ್ಯಾರಾಲಿಂಪಿಕ್ಸ್‌ನಿಂದ ‘ವಅ’ ದೋಣಿಯ 200 ಮೀಟರ್ ಸ್ಪರ್ಧೆಗಳು ಸೇರಿವೆ. ಗ್ವಾಲಿಯರಿನ ಪ್ರಾಚಿ ಯಾದವ್ ಅಲ್ಲಿ ಮಹಿಳೆಯರ ವಿಎಲ್-2 ವಿಭಾಗದ ಫೈನಲ್ ತಲುಪಿದರು. ಆಸನಕ್ಕೆ ಒರಗುಬೆನ್ನು, ಪಟ್ಟಿಗಳನ್ನು ಅವರವರ ಮೈಗೆ ತಕ್ಕಂತೆ ಜೋಡಿಸುತ್ತಾರೆ. ಮಗುಚಿದಾಗ ಆ ಪಟ್ಟಿ ಒಂದೇ ಎಳೆತಕ್ಕೆ ಬಿಚ್ಚಬೇಕು, ಅದನ್ನು ಪ್ರತಿ ಸಲ ದಡದಲ್ಲೇ ಪರೀಕ್ಷಿಸಿ.

ಪ್ರಶ್ನೆ: ಮೂರು ತಿಂಗಳಲ್ಲಿ ಕೆಲಸದ ಮೇಲೆ ಹೊನೊಲುಲುವಿಗೆ ಹೋಗುತ್ತಿದ್ದೇನೆ. ಬೆಂಗಳೂರಿನಲ್ಲಿ ದೋಣಿಯಿಲ್ಲದೆ ಹೇಗೆ ತಯಾರಾಗಲಿ? ಮೊಲೊಕಾಯಿ ರೇಸಿಗೆ ಸೇರಬಹುದೇ? (ಬೆಂಗಳೂರು)

45 ಸೆಂ.ಮೀ. ಎತ್ತರದ ಮಣೆ ಅಥವಾ ಸ್ಟೂಲು, ಒಂದು ಗಟ್ಟಿ ರಬ್ಬರ್ ಬ್ಯಾಂಡು, ಒಂದು ಕೋಲು ಸಾಕು. ಬ್ಯಾಂಡಿನ ಒಂದು ತುದಿಯನ್ನು ಎದುರಿಗೆ ಮಂಡಿಯ ಮಟ್ಟದಲ್ಲಿ ಕಿಟಕಿಯ ಸರಳಿಗೆ, ಇನ್ನೊಂದನ್ನು ಕೋಲಿನ ಕೆಳತುದಿಗೆ ಕಟ್ಟಿ. ಮೇಲೆ ಹೇಳಿದಂತೆ ಮೈ ತಿರುಚಿ ಎಳೆಯಿರಿ. ಮೂರು ನಿಮಿಷ ಎಳೆತ, ಒಂದೂವರೆ ನಿಮಿಷ ವಿಶ್ರಾಂತಿ, ಹೀಗೆ ನಾಲ್ಕು ಸುತ್ತು. 14 ಎಳೆತಕ್ಕೊಮ್ಮೆ ಬದಿ ಬದಲಿಸಿ. ನಿಮಿಷಕ್ಕೆ 55ರಿಂದ ಶುರುಮಾಡಿ, ಆರನೇ ವಾರಕ್ಕೆ 60 ದಾಟಿಸಿ. ವಾರಕ್ಕೆ ಮೂರು ದಿನ ಇದು, ಎರಡು ದಿನ ಭಾರದ ಕಸರತ್ತು. ಅದರಲ್ಲಿ ಡೆಡ್‌ಲಿಫ್ಟ್, ರೋಯಿಂಗ್, ಪ್ಲ್ಯಾಂಕ್, ಜೊತೆಗೆ ತೆಳು ಬ್ಯಾಂಡಿನಿಂದ ಭುಜವನ್ನು ಹೊರಕ್ಕೆ ತಿರುಗಿಸುವುದು ಬದಿಗೆ 15ರಂತೆ ಎರಡು ಸಲ. ಈ ಕೊನೆಯದನ್ನು ಎಲ್ಲರೂ ಬಿಡುತ್ತಾರೆ, ಭುಜ ಕೆಡುವುದೂ ಅದರಿಂದಲೇ. ವಾರದ ಒಟ್ಟು ಹೊತ್ತನ್ನು ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಏರಿಸಬೇಡಿ.

ಮೊಲೊಕಾಯಿ ಹೊಯೆ ಈ ವರ್ಷಕ್ಕೆ ಬೇಡ. 1952ರಲ್ಲಿ ಮೂರು ದೋಣಿಗಳಿಂದ ಶುರುವಾದ, ಮೊಲೊಕಾಯಿ, ಒಆಹು ದ್ವೀಪಗಳ ನಡುವಿನ ಕೈವಿ ಜಲಸಂಧಿಯನ್ನು ದಾಟುವ ಸುಮಾರು 66 ಕಿಲೋಮೀಟರಿನ ರೇಸದು. ಮಹಿಳೆಯರ ರೇಸು 1979ರಿಂದ ಇದೆ. ಒಳ್ಳೆಯ ತಂಡಗಳಿಗೂ ಐದು ಗಂಟೆಯ ಆಸುಪಾಸು ಬೇಕು. ತಂಡದಲ್ಲಿ ಒಂಬತ್ತು ಜನ, ದೋಣಿಯಲ್ಲಿ ಆರು. ಬದಲಿಯವರು ಬೆಂಗಾವಲು ದೋಣಿಯಿಂದ ನಡುಗಡಲಿಗೆ ಹಾರಿ, ಸಾಲಾಗಿ ತೇಲುತ್ತಾ ಕಾಯುತ್ತಾರೆ. ದೋಣಿ ಓಡುತ್ತಲೇ ಬರುತ್ತದೆ, ದಣಿದವರು ಬಲಕ್ಕೆ ಉರುಳುತ್ತಾರೆ, ಹೊಸಬರು ಅಮಾ ಬದಿಯಿಂದ ಅಂಚು ಹಿಡಿದು ಒಂದೇ ಜಿಗಿತಕ್ಕೆ ಹತ್ತುತ್ತಾರೆ. ಈಜುಕೊಳದ ಅಂಚನ್ನು ನೀರಿನಿಂದ ಹಿಡಿದು, ಮೆಟ್ಟಿಲಿಲ್ಲದೆ ಒಂದೇ ಎತ್ತಿಗೆ ಮೇಲೆ ಬರುವುದನ್ನು ಬೆಂಗಳೂರಿನಲ್ಲೇ ರೂಢಿಸಿಕೊಳ್ಳಿ. ಹತ್ತು ಸಲ ಒಂದೇ ಸಮನೆ ಮಾಡಲು ಬಂದರೆ ಮುಂದಿನ ವರ್ಷ ತಂಡದಲ್ಲಿ ಜಾಗ ಕೇಳಬಹುದು.